ಮೂರನೆಯ ಸಲ

ಕೌಲ್ ಬಜಾರಿನ ದಾದಾಪೀರನ ಶೆಡ್ಡಿನ ಮುಂದೆ
ಅರ್ಧ ಬೇವಿನ ನೆರಳಿಗೆ, ಅರ್ಧ ಬಿಸಿಲಿಗೆ ನಿಂತಿದೆ
ತೊಂಬತ್ತೊಂಬತ್ತರ ಝೆನ್.
ಪಂಪಣ್ಣ ಎಂಜಿನ್ನಿಗೆ ಕಿವಿ ಕೊಟ್ಟಿದ್ದಾನೆ,
ಟೈರಿಗೆ ಒದ್ದೂ ನೋಡಿದ, ಏನು ತಿಳಿಯಿತೋ.
ನಾನು ಬೆಲ್ಟು ಹಿಡಿದೆ.

ಹದಿನಾರು ವರ್ಷ ಜೀನ್ಸ್ ಹೊಲಿದ ಕೈ ಇದು.
ಬಟ್ಟೆ ಸುಳ್ಳು ಹೇಳಿದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಪೂರಾ ಎಳೆದೆ. ಕೊನೆಯ ಮೊಳದಲ್ಲಿ
ಸಂಡೂರಿನ ಕೆಂಪು ಧೂಳು ಅಂಗೈಗೆ ಹತ್ತಿತು,
ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿದ ವರ್ಷಗಳದ್ದು,
ಸುರುಳಿಯೊಳಗೆ ಹಾಗೇ ಮಲಗಿತ್ತು.
ಬಿಟ್ಟೆ. ಸರ್ರನೆ ಹೋಗಬೇಕಿತ್ತು,
ಮದುವೆ ಊಟ ಉಂಡವನ ಹಾಗೆ ಹೋಯಿತು
ನಡುವೆ ಎರಡು ಕಡೆ ಕೂತು.

ಝಟ್ಟನೆ ಜಗ್ಗಿದೆ: ಹಿಡಿಯಿತು.
ಮತ್ತೆ: ಹಿಡಿಯಿತು.
ಮೂರನೆಯ ಸಲ ಬಂದೇಬಿಟ್ಟಿತು, ಸರಾಗ,
ಎಲ್ಲಕ್ಕೂ ಹೂಂ ಅನ್ನುವ ನನ್ನ ಮೈದುನನ ಹಾಗೆ.

"ಎರಡು ಸಲ ಹಿಡೀತಲ್ಲಕ್ಕ," ಅಂದ ದಾದಾಪೀರ.
"ಆಕ್ಸಿಡೆಂಟು ಎಣಿಸ್ಕೊಂಡು ಬರ್ತೈತೇನು?"

ಹಿಂದಿನ ಸೀಟು ಎತ್ತಿಸಿದೆ.
ಬಕಲ್ಲುಗಳು ಅಲ್ಲಿದ್ದವು, ಬೋರಲು ಬಿದ್ದು.
ಶೇಂಗಾ ಸಿಪ್ಪೆ, ಯಾವುದೋ ಹುಡುಗಿಯ ಕ್ಲಿಪ್ಪು,
ತೋರಣಗಲ್ಲಿನ ಪೆಟ್ರೋಲ್ ಚೀಟಿ, ಅಕ್ಷರ ಹಾರಿದ್ದು.
ಎಡಗಡೆಯದು ಟಕ್ ಅಂದಿತು.
ಬಲಗಡೆಯದು ಏನೂ ಅನ್ನಲಿಲ್ಲ.
ಮಗಳು ಕೂರುವುದು ಬಲಕ್ಕೇ,
ಅಲ್ಲಿಂದ ಕೋಟೆ ಗುಡ್ಡ ಕಾಣುತ್ತದಂತೆ.

ಡ್ರೈವರ್ ಬೆಲ್ಟಿನ ಅಂಚಿಗೆ ಎಳೆ ಎದ್ದಿತ್ತು
ಬಾಗಿಲಿಗೆ ಸಿಕ್ಕಿ ಸಿಕ್ಕಿ.
"ನಿನ್ನ ಮಿಷಿನ್ನಿಗೆ ಹಾಕು," ಅಂದ ಪಂಪಣ್ಣ,
"ದಪ್ಪ ದಾರ ಐತಲ್ಲ, ನಾಕು ಟಾಕು, ಮುಗೀತು."

ಹಾಕಬಹುದು. ಇಪ್ಪತ್ತೆಂಟು ಟಾಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ,
ಪೊಲೀಸರಿಗಿರಲಿ, ದಾದಾಪೀರನಿಗೂ ಕಾಣದ ಹಾಗೆ.
ಆದರೆ ಸೂಜಿ ಹೊಕ್ಕಲ್ಲೆಲ್ಲ ಒಂದು ತೂತು.
ಪ್ಯಾಂಟಿನ ಜೇಬು ಹರಿದರೆ ಚಿಲ್ಲರೆ ಬೀಳುತ್ತದೆ.
ಇದರ ಜೇಬಿನಲ್ಲಿ ನೀನಿರುತ್ತೀ.
ಇಷ್ಟೆಲ್ಲ ಹೇಳಲಿಲ್ಲ. "ಇಲ್ಲ" ಅಂದೆ.
ಮನೆ ತಲುಪುವವರೆಗೂ ಅವನು ಮಾತಾಡಲಿಲ್ಲ.

ಗುರುವಾರ ಹೊಸವು ಬಂದವು, ಮೂರು, ಕವರಿನಲ್ಲಿ.
ಎಳೆಯುವುದಕ್ಕೂ ಮುಂಚೆ ತುದಿಯ ಹೊಲಿಗೆ ನೋಡಿದೆ.
ಯಾರೋ ಚೆನ್ನಾಗಿ ಹಾಕಿದ್ದಾರೆ.
ಎಲ್ಲಿಯವಳೋ,
ಊಟದ ಗಂಟೆ ಹೊಡೆಯುವ ಹೊತ್ತಲ್ಲೂ
ಅವಸರ ಮಾಡಿಲ್ಲ.