ಇಬ್ಬರು ಬೇಕು

ಎರಡೂವರೆ ಸಾವಿರ ಸುತ್ತಿನವರೆಗೆ ಸಾಧು.
ಅಲ್ಲಿಂದಾಚೆ ಟರ್ಬೊ ಉಸಿರೆಳೆದುಕೊಳ್ಳುತ್ತದೆ,
ಸೂಜಿ ಹಳದಿ ದಾಟಿ ಕೆಂಪಿನ ಕಡೆ ವಾಲುತ್ತದೆ,
ಆಗ ಕೆಮ್ಮು.
ಒಂದಲ್ಲ, ನಾಲ್ಕೈದು. ಹಿಂದಿನಿಂದ ಯಾರೋ
ಬಂಪರಿಗೆ ಒದ್ದ ಹಾಗೆ.
ಕಾಲು ತೆಗೆದರೆ ಮತ್ತೆ ಸಾಧು,
ಏನೂ ಅರಿಯದ ಮುಖ.

ಎಂಬತ್ತೆಂಟರ ಸಾಬ್. ನನಗೆ ಮಾರಿದವನು
ಅಣ್ಣ ತೌನೊ. ಸಾವಿರದ ಇನ್ನೂರು ಯೂರೋ,
ಜೊತೆಗೆ ಪುಕ್ಕಟೆಯಾಗಿ ಒಂದು ಮಾತು: ಏನೂ ತೊಂದರೆ ಇಲ್ಲ.
ಆರನೆಯ ದಿನ, ಔಲುವಿನ ದಾರಿಯಲ್ಲಿ,
ಲಾರಿಯೊಂದನ್ನು ಹಿಂದೆ ಹಾಕುವಾಗ ನಟ್ಟನಡುವೆ ಕೈಕೊಟ್ಟಿತು.
ಆ ಸಂಜೆ ಫೋನಿನಲ್ಲಿ ನಾನು ಅಂದದ್ದು ಅಂದೆ.
ಅವನು ಏನೂ ಅನ್ನಲಿಲ್ಲ.
ಆಮೇಲೆ ಮೂರು ಚಳಿಗಾಲ ಏನೂ ಅನ್ನಲಿಲ್ಲ.

ಈ ನಡುವೆ ನಾನು ಬದಲಿಸಿದ್ದು:
ಪೆಟ್ರೋಲ್ ಫಿಲ್ಟರ್, ಅಗ್ಗವಾದ್ದರಿಂದ.
ಪಂಪು, ಪಕ್ಕದ ಮನೆಯ ಪೆಂಟ್ಟಿ
ಪಂಪೇ ಎಂದು ಆಣೆ ಹಾಕಿದ್ದರಿಂದ.
ಕಾಯಿಲ್, ಆ ತಿಂಗಳು ಬೋನಸ್ ಬಂದದ್ದರಿಂದ.
ಪ್ಲಗ್ಗುಗಳು ನಾಲ್ಕೂ ಹೊಸವು, ನಾನೇ ಹಾಕಿದೆ, ಹೆಮ್ಮೆಯಿಂದ.
ಸಣ್ಣ ಸಣ್ಣ ರಬ್ಬರು ಕೊಳವೆಗಳು ಒಂದೊಂದಾಗಿ,
ಬರೀ ಸಿಟ್ಟಿನಿಂದ.
ಕೆಮ್ಮು ಇದ್ದ ಹಾಗೇ ಇತ್ತು.

ಫೆಬ್ರವರಿ. ಸೊನ್ನೆಗಿಂತ ಹದಿನೆಂಟು ಕೆಳಗೆ.
ರಾಹೆಯ ಉಕ್ಕಿನ ಕಾರ್ಖಾನೆಯ ಹೊಗೆ
ಎಲ್ಲಿಗೂ ಹೋಗದೆ ನೆಟ್ಟಗೆ ನಿಂತಿದೆ.
ಎಣ್ಣೆ ಹೀರಿ ಪಾರದರ್ಶಕವಾದ ಕೈಪಿಡಿಯ ಹಾಳೆ ಹೇಳುತ್ತದೆ:
ಕತ್ತಲಲ್ಲಿ ಪರೀಕ್ಷಿಸಿ.
ಒಬ್ಬರು ಒಳಗೆ ಕೂತು ಎಂಜಿನ್ ಏರಿಸಬೇಕು,
ಇನ್ನೊಬ್ಬರು ತಂತಿಗಳಿಗೆ ನೀರು ಚಿಮುಕಿಸಿ ನೋಡಬೇಕು.
'ಇನ್ನೊಬ್ಬರು' ಎಂಬ ಬಿಡಿಭಾಗ
ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.
ಪೆಂಟ್ಟಿಗೆ ರಾತ್ರಿಪಾಳಿ.
ಬೆರಳು ಮರಗಟ್ಟುವ ಮೊದಲೇ ಬರೆದು ಕಳಿಸಿದೆ:
ಸಾಬ್. ಕತ್ತಲು. ಇಬ್ಬರು ಬೇಕು.

ಬಂದ. ಬೂಟಿನ ಹಿಮ ಕೊಡವಿದ.
ತಲೆಯಾಡಿಸಿದ, ನನಗೋ ಕಾರಿಗೋ.
ನಮ್ಮ ಜೆರೇನಿಯಂ ಗಿಡಕ್ಕೆ ನೀರು ಹಾಕುವ
ಹಸಿರು ಬಾಟಲಿ ಕೈಗೆತ್ತಿಕೊಂಡು ದೀಪ ಆರಿಸಿದ.

ಸಾಬಿನ ಬಾನೆಟ್ಟು ಮುಂದಕ್ಕೆ ಬಾಗಿ ತೆರೆಯುತ್ತದೆ,
ಒಳಗೆ ಕೂತವಳಿಗೂ ಎಂಜಿನ್ ಕಾಣುತ್ತದೆ.
ಕಂಡಿತು. ಮೂರನೆಯ ತಂತಿಯ ಮೈತುಂಬ
ನೀಲಿ ಕೂದಲೆಳೆಗಳು, ಚಿಟಿಚಿಟಿ,
ಮುಟ್ಟಬೇಕಾದಲ್ಲಿಗೆ ಮುಟ್ಟದೆ
ದಾರಿಯಲ್ಲೇ ಖರ್ಚಾಗುತ್ತಿರುವ ಕಿಡಿ.
ಅದರ ಬೆಳಕಲ್ಲಿ ಅಣ್ಣನ ಗಲ್ಲ, ಬಿಳಿಗಡ್ಡ.
ಗಡ್ಡ ಬೆಳ್ಳಗಾದದ್ದು ನನಗೆ ಗೊತ್ತೇ ಇರಲಿಲ್ಲ.

"ಇನ್ನಷ್ಟು" ಎಂದ.
ಒತ್ತಿದೆ.
"ಸಾಕು."

ದೀಪ ಬಂತು. ಪ್ಲಗ್ಗೊಂದನ್ನು ಬಿಚ್ಚಿ,
ಅಂಗಿಯ ಜೇಬಿನಿಂದ ಅಳತೆಯ ತಗಡು ತೆಗೆದು
ಸಂದಿಯೊಳಗೆ ತೂರಿಸಿದ. ತಗಡು ಸಡಿಲಾಗಿ ಆಡಿತು.
"ಒಂದು ಮಿಲಿಮೀಟರ್. ಟರ್ಬೊಗೆ ಇದು ದೂರ.
ಗಾಳಿ ಒತ್ತಿ ಬಂದಾಗ ಕಿಡಿ ದಾಟಲಾರದು.
ಯಾರು ಹಾಕಿದ್ದು?"
"ನಾನು."
ತಂತಿಯ ಮೇಲಿನ ತಾರೀಖು ಒರೆಸಿ ತೋರಿಸಿದೆ.
ತೊಂಬತ್ತಮೂರು.
"ಇದು ನಿನ್ನ ಕಾಲದ್ದು."
"ಹೌದು" ಎಂದ. ಮೂಗು ಒರೆಸಿಕೊಂಡ.

ಪ್ಲಗ್ಗನ್ನು ಮರದ ಬೆಂಚಿಗೆ ಮೆಲ್ಲಗೆ ತಟ್ಟುತ್ತ,
ಅಳೆಯುತ್ತ, ಮತ್ತೆ ತಟ್ಟುತ್ತ,
ಸಂದಿಯನ್ನು ಪಾಯಿಂಟ್ ಆರಕ್ಕೆ ತಂದ.
ತಟ್ಟಿದ್ದು ಹೆಚ್ಚಾಯಿತೆಂದು ಒಂದನ್ನು ಬೈದ, ಬಿಡಿಸಿದ.
ಅವನ ಗ್ಯಾರೇಜಿನ ಮೂಲೆಯಿಂದ ಹಳೆಯದಾದರೂ
ಬಿರುಕಿಲ್ಲದ ತಂತಿಯೊಂದು ಬಂತು.

ಬಂದರಿನವರೆಗೆ ಹೋದೆವು, ಅವನ ಪಾದ ಇಲ್ಲದ ಬ್ರೇಕು ಹುಡುಕುತ್ತಿತ್ತು.
ಮೂರು ಸಾವಿರ. ಉಸಿರು. ಹಳದಿ.
ಬೆನ್ನು ಸೀಟಿಗೆ ಅಂಟಿತು. ಹಿಮಗಟ್ಟಿದ ಕಡಲು
ಒಂದೇ ಏಟಿಗೆ ಎದುರು ಬಂತು.
ಆಮೇಲೆ, ತಿರುವಿನಲ್ಲಿ, ಚಿಕ್ಕದೊಂದು ಕೆಮ್ಮು.

ನಾನು ಅವನನ್ನು ನೋಡಿದೆ. ಅವನು ಸೂಜಿಯನ್ನು.
"ಅದು ಬೇರೆ. ರೋಟರ್ ಇರಬಹುದು" ಎಂದ.
"ಮಂಗಳವಾರ ನೋಡೋಣ."