ಗೋಡೆಯ ಅಂಕಿ

ಯಾರೋ ಬಿಸಾಡಿದ ಟೀವಿ ಬುಟ್ಟಿ,
ಅದರ ಬಾಯಿಗೆ ಶೇಂಗಾ ಎಣ್ಣೆಯ ಖಾಲಿ ಡಬ್ಬಿ,
ಡಬ್ಬಿಯೊಳಗೆ ಬೆರಳುದ್ದ ತಾಮ್ರದ ತಂತಿ.
ಬಾಗಲಕೋಟೆ ನವನಗರದ ಪಾಲಿಟೆಕ್ನಿಕ್ ಮಾಳಿಗೆಯ ಮೇಲೆ
ಇಷ್ಟೇ ನಮ್ಮ ರೇಡಿಯೋ ದೂರದರ್ಶಕ.

ಆಕಾಶಗಂಗೆ ಆಮೇಲೆ, ಅಂದರು ಹಳಿಂಗಳಿ ಮೇಡಂ,
ಮೊದಲು ಇದು ದಿನಾ ಒಂದೇ ಮಾತು ಆಡತದೋ ಇಲ್ಲೋ ನೋಡೂಣು.

ಗಂಟೆಗೊಮ್ಮೆ ಬುಟ್ಟಿಯ ಮುಖ ತಿರುಗಿಸಬೇಕು:
ನೀರಿನ ಟಾಕಿಯ ಗೋಡೆಗೆ, ಅದು ಬಿಸಿ;
ಏನೂ ಇಲ್ಲದ ಆಕಾಶಕ್ಕೆ, ಅದು ತಂಪು.
ಎರಡು ಅಂಕಿ ಬರೆದು, ಗೆರೆ ಎಳೆದು, ಮತ್ತೆ ಕಾಯಬೇಕು.
ಹಗಲು ನಾನು, ರಾತ್ರಿ ಯಮನೂರ.
ಅವನ ಏಳುಗಳು ಒಂದರಂತೆ ಕಾಣುತ್ತವೆ,
ಅದಕ್ಕೇ ಒಂದು ಜಗಳ.

ಏಪ್ರಿಲ್. ಮೊದಲ ದಿನ ಮಧ್ಯಾಹ್ನ
ಎರಡೂ ಅಂಕಿ ಒಟ್ಟಿಗೇ ಜಾರಿದವು,
ಬಿಸಿಲಿಗೆ ಆಂಪ್ಲಿಫೈಯರ್ ಸೋತಿತ್ತು.
ಥರ್ಮೋಕೋಲ್ ಸುತ್ತಿ, ಮೇಲೆ ಹಸಿ ಗೋಣಿತಾಟು ಹೊದಿಸಿ
ಎಳೆಗೂಸಿನ ಹಾಗೆ ನೆರಳಿಗಿಟ್ಟೆವು.
ಆಕಾಶ ನೆಟ್ಟಗಾಯಿತು.
ಗೋಡೆ ಆಗಲಿಲ್ಲ.

ಗೋಡೆ ಏರುತ್ತಿತ್ತು, ಮೂರು ಗಂಟೆಗೆ ತುದಿ ಮುಟ್ಟಿ
ರಾತ್ರಿ ಯಮನೂರನ ಕೈಬರಹದಲ್ಲಿ ಮೆಲ್ಲಗೆ ಇಳಿಯುತ್ತಿತ್ತು.
ಮಂಗಳವಾರ ಮಾತ್ರ ಅಷ್ಟು ಏರಲಿಲ್ಲ. ಶುಕ್ರವಾರವೂ.
ಕೇಬಲ್ ಬದಲಿಸಿದೆವು, ಕನೆಕ್ಟರ್ ಬಿಗಿಮಾಡಿದೆವು,
ಡಬ್ಬಿಗೆ ಹತ್ತಿದ ತುಕ್ಕನ್ನು ಬೈದೆವು.

ಚಹಾ ತಂದ ಪ್ಯೂನ್ ದಸ್ತಗೀರಸಾಬರು
ನಮ್ಮ ಗೆರೆಗಳನ್ನು ಅಡ್ಡ ಹಿಡಿದು ನೋಡಿ
"ಇದು ನಳಾ ಬರೂ ದಿನದ ಲೆಕ್ಕ ಅಲ್ಲೇನ್ರಿ?" ಅಂದರು.
"ಮಂಗಳಾರ, ಶುಕ್ರಾರ ಟಾಕಿ ತುಂಬಿರತದ.
ಉಳಿದ ದಿನಾ ಅದು ಬರೇ ಇಟ್ಟಂಗಿ."

ಹೋಗಿ ಅಂಗೈ ಇಟ್ಟೆ, ಚುರ್ ಅಂತು.
ಹನ್ನೊಂದು ದಿನ ಡಬ್ಬಿಯನ್ನೇ ಅನುಮಾನಿಸಿದ್ದೆವು,
ಗೋಡೆಯನ್ನು ಯಾರೂ ಮುಟ್ಟಿರಲಿಲ್ಲ.

ದಸ್ತಗೀರಸಾಬರ ಅಪ್ಪ ಹಳೇ ಊರಿನ ಪೇಟೆಯಲ್ಲಿ
ಸವೆದ ತೂಕದ ಬಟ್ಟುಗಳಿಗೆ ಸೀಸ ತುಂಬಿ ಸರಿಪಡಿಸುತ್ತಿದ್ದರಂತೆ.
ಆ ಅಂಗಡಿಯ ಮೇಲೆ ಈಗ ಹಿನ್ನೀರು, ಮೀನು.
ಮಖಮಲ್ ಪೆಟ್ಟಿಗೆಯಲ್ಲೊಂದು ಹಿತ್ತಾಳೆ ಬಟ್ಟು,
ಬರಿಗೈಲಿ ಮುಟ್ಟಿದರೆ ಏಟು.
"ಅದನ್ನ ಯಾರು ತೂಗತಿದ್ರು?" ಕೇಳಿದೆ.
"ವರ್ಷಕ್ಕೊಮ್ಮೆ ಬೆಳಗಾವಿಗೆ ಹೋಗತಿತ್ತು.
ಅಲ್ಲಿಂದ ಮುಂದ ಎಲ್ಲಿಗೋ. ಅಪ್ಪ ಕೇಳಲಿಲ್ಲ."

ಮೇಡಂ ವಹಿಯಲ್ಲಿ ಮೂರನೆಯ ಕಾಲಂ ಗೀಚಿದರು.
ಲ್ಯಾಬಿನ ಥರ್ಮಾಮೀಟರನ್ನು ಟೇಪು ಹಚ್ಚಿ ಗೋಡೆಗಂಟಿಸಿ
ಮತ್ತೆ ಒಂದನೇ ದಿನದಿಂದ ಶುರು.

ಬುಧವಾರ, ಮೂರು ಗಂಟೆ. ಗೋಡೆ: ಐವತ್ತೊಂದು ಡಿಗ್ರಿ.
ಆಕಾಶ: ನಿನ್ನೆಯದೇ.
ಷರಾ: ಟಾಕಿ ಖಾಲಿ.
ಯಮನೂರ ಬರುವಾಗ ಕುಡಿಯಲು ನೀರು ತರುವುದು.