ಕರಿ ಕೊಕ್ಕರೆಯ ವೃತ್ತ

ರಾತ್ರಿ ಒಂಬತ್ತೂವರೆ. ಕಿಟಕಿಯಲ್ಲಿ ಇನ್ನೂ ಬೆಳಕು;
ಜೂನ್ ಇಲ್ಲಿ ಅಂಗಡಿ ಮುಚ್ಚುವುದು ತಡ.
ಊರ ಕಚೇರಿಯ ಹಿಂಗೋಣೆಯಲ್ಲಿ ಆರು ಬ್ಯಾಟರಿ,
ನಾಲ್ಕಕ್ಕೆ ಹಸಿರು ದೀಪ, ಎರಡು ಇನ್ನೂ ಹಸಿದಿವೆ.
ವಿಸೊಚಿನಾ ದಿಣ್ಣೆಗಳ ಮೇಲೆ ನಾನು ಗೆರೆ ಎಳೆಯುತ್ತಿದ್ದೇನೆ,
ನಾಳೆ ಡ್ರೋನು ಹೋಗುವ, ತಿರುಗುವ, ಮತ್ತೆ ಬರುವ ಗೆರೆ,
ಮಣ್ಣಿಲ್ಲದ ಹೊಲದಲ್ಲಿ ನೇಗಿಲ ಸಾಲು.

ಎತ್ತರ: ನೆಲದಿಂದ ನೂರಹತ್ತು ಮೀಟರ್.
ನೆಲ ಎಂದರೆ ಯಾವ ನೆಲ? ತೊರೆಯ ಕಡೆ ಅದು
ಅರವತ್ತು ಮೀಟರ್ ಜಾರಿಬಿಡುತ್ತದೆ, ಹೇಳದೆ ಕೇಳದೆ.
ಇಳಿದಲ್ಲಿ ಇಳಿ, ಏರಿದಲ್ಲಿ ಏರು ಎಂದು ಯಂತ್ರಕ್ಕೆ ಬುದ್ಧಿ ಹೇಳಿ
ಒಂದೊಂದು ಚಿತ್ರವೂ ಹಿಂದಿನದರ ಮೇಲೆ
ನೂರಕ್ಕೆ ಎಂಬತ್ತೈದು ಪಾಲು ಮಲಗಲಿ ಎಂದು ಬರೆದೆ.
"ಒಂದೇ ಮರ ಅಷ್ಟು ಸಲ ಯಾಕೆ?" ಎಂದ ಓಟಕರ್.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು, ಅಷ್ಟೇ.
ಹತ್ತು ಕಡೆಯಿಂದ ಕಂಡ ಮೇಲೆ ಮರಕ್ಕೆ ಎತ್ತರ ಬರುತ್ತದೆ;
ಒಂದೇ ಕಡೆಯಿಂದ ಕಂಡದ್ದು ಬರೀ ಹಸಿರು ಕಲೆ.

ಹುಡುಕುತ್ತಿರುವುದು ಹುಳು. ಅಕ್ಕಿಕಾಳಿಗಿಂತ ಗಿಡ್ಡ.
ತೊಗಟೆಯ ಕೆಳಗೆ ಓಣಿ ಕೊರೆದು ಸಂಸಾರ ಹೂಡುತ್ತದೆ.
ಸ್ಪ್ರೂಸ್ ಒಳಗೊಳಗೇ ಬಾಯಾರಿ ಸಾಯುತ್ತಿರುವಾಗಲೂ
ಮೇಲೆ ಹಸಿರು ತೊಟ್ಟು ನಿಂತಿರುತ್ತದೆ,
ಕಾಯಿಲೆ ಮುಚ್ಚಿಟ್ಟು ಮದುವೆಗೆ ಬಂದ ನೆಂಟನ ಹಾಗೆ,
ಇಸ್ತ್ರಿ ಅಂಗಿಯಲ್ಲಿ.
ನಮ್ಮ ಕಣ್ಣಿಗೆ ಆಗಸ್ಟಿನವರೆಗೆ ಏನೂ ತಿಳಿಯದು.
ಕ್ಯಾಮೆರಾದ ಐದನೇ ಕಣ್ಣು, ಕೆಂಪಿನಾಚೆಯದು, ಹಿಡಿದುಬಿಡುತ್ತದೆ.
ಹಿಡಿದ ಮರಕ್ಕೆ ಕಿತ್ತಳೆ ಗುರುತು. ಗುರುತಿಗೆ ಗರಗಸ.
ಇದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಓಟಕರ್ ಕುರ್ಚಿ ಎಳೆದುಕೊಂಡ.
ನಲವತ್ತೊಂದು ವರ್ಷ ಈ ಕಾಡು ಕಾದವನು.
ಪರದೆಯ ಮೇಲೆ, ಈಶಾನ್ಯದ ಮೂಲೆಗೆ, ಬೆರಳಿಟ್ಟ:
"ಇಲ್ಲಿ ಕರಿ ಕೊಕ್ಕರೆ ಗೂಡಿದೆ. ಹಾರಿಸುವಂತಿಲ್ಲ."
ಗೂಡಿನ ಸುತ್ತ ವೃತ್ತ ಬಿಡಬೇಕೆಂದು ನನಗೂ ಗೊತ್ತು.
ಕೊಕ್ಕರೆ ಹೆಚ್ಚಾಗಿ ಓಕ್‌ನಲ್ಲಿ, ಬೀಚ್‌ನಲ್ಲಿ ಕಟ್ಟುತ್ತದೆಂದೂ ಗೊತ್ತು.
ಆ ಮೂಲೆಯಲ್ಲಿ ಬರೀ ಸ್ಪ್ರೂಸ್,
ಹಗ್ಗ ಹಿಡಿದು ನೆಟ್ಟಂತೆ ನೇರ ಸಾಲು.

"ಹಗ್ಗ ಹಿಡಿದೇ ನೆಟ್ಟದ್ದು" ಅಂದ, ನಾನು ಕೇಳದಿದ್ದರೂ.
"ಶಾಲೆಗೆ ರಜೆ ಕೊಟ್ಟು ಕರೆತಂದಿದ್ದರು.
ಒಂದೂವರೆ ಹೆಜ್ಜೆಗೊಂದು ಗಂಟು, ಗಂಟಿಗೊಂದು ಸಸಿ,
ನೂರು ಸಸಿಗೆ ಆರು ಕೊರುನ.
ಹಗ್ಗದ ಆ ತುದಿ ನನ್ನ ಕೈಲಿ,
ಈ ತುದಿ ಬ್ಲಾಝೆನಾ ಕೈಲಿ."
ಆ ಹೆಸರು ದಾಟಿ ಮಾತು ಮುಂದೆ ಹೋಗಲಿಲ್ಲ.

ನನ್ನ ಗೆರೆಗಳ ಕೋನ ನಲವತ್ತೇಳು ಡಿಗ್ರಿ.
ಅವರ ಸಾಲುಗಳದೂ ಅದೇ. ನಾನು ಗಾಳಿ ನೋಡಿ ಇಟ್ಟದ್ದು;
ಅವರು ಏನು ನೋಡಿ ಇಟ್ಟರೋ, ಆ ಮೇಷ್ಟ್ರಿಗೇ ಗೊತ್ತು.
ವೃತ್ತ ಎಳೆದೆ. ಗೆರೆಗಳು ಅದರ ಅಂಚಿಗೆ ಬಂದು
ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟವರಂತೆ ನಿಂತವು.

ಮರುದಿನ ಮಧ್ಯಾಹ್ನ ಒಂದಕ್ಕೆ, ನೆರಳು ಗಿಡ್ಡವಾದಾಗ, ಹಾರಿಸಿದೆವು.
ಐದು ಬ್ಯಾಟರಿ, ಎರಡು ಸಾವಿರದ ಚಿಲ್ಲರೆ ಚಿತ್ರ,
ಏನಿದು ಎಂದು ಸುತ್ತು ಹಾಕಿ ಹೋದ ಒಂದು ಗಿಡುಗ.
ಕೊಕ್ಕರೆ ಬರಲಿಲ್ಲ.
ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ಕ್ಯಾಮೆರಾದ ನೋಟ ನನ್ನ ಗೆರೆಗಿಂತ ಅಗಲ.
ಕೊನೆಯ ಕೆಲವು ಚಿತ್ರಗಳ ಅಂಚಿನಲ್ಲಿ, ವೃತ್ತದೊಳಗಿಂದ,
ಮೂರು ನೆತ್ತಿ ಸಿಕ್ಕಿಬಿದ್ದಿದ್ದವು,
ಅಕ್ಕಪಕ್ಕದವು ಹೊಳೆಯುವಾಗ ಅವು ಮಾತ್ರ ಮಂಕು.
"ಮೋಡದ ನೆರಳೇ?" ಎಂದ.
ಬೆಳಗಿನಿಂದ ಮೋಡದ ಒಂದು ಎಳೆಯೂ ಇರಲಿಲ್ಲ.
ನಾನು ಲೋಟ ಎತ್ತಿ ಕುಡಿದೆ. ಖಾಲಿ ಲೋಟ.

ಆಮೇಲೆ ಎದ್ದ. ಜೀಪಿನ ಹಿಂಬದಿಯಿಂದ
ಬಣ್ಣದ ಡಬ್ಬಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ ನೋಡಿದ,
ಒಳಗಿನ ಗೋಲಿ ಕಟಕಟ ಅಂದಿತು.
"ನಕ್ಷೆಯಲ್ಲಿ ವೃತ್ತ ಹಾಗೇ ಇರಲಿ" ಅಂದು
ಈಶಾನ್ಯಕ್ಕೆ ನಡೆದ, ಒಬ್ಬನೇ,
ಆ ತುದಿಯಲ್ಲಿ ಯಾರೋ ಹಗ್ಗ ಬಿಗಿಹಿಡಿದಿರುವಷ್ಟು ನೇರಕ್ಕೆ.